ಮಾದಕ ಚಿಕಿತ್ಸಾ ಕೋರ್ಟಿಗೆ ಎಷ್ಟು ಖರ್ಚು? ಅಂದಾಜುಪಟ್ಟಿ ಹೀಗೆ ತಯಾರಿಸಿ

ವ್ಯಸನಿಗಳನ್ನು ಜೈಲಿಗೆ ಕಳಿಸುವ ಬದಲು ಚಿಕಿತ್ಸೆ ಕೊಡಿಸಿ, ನ್ಯಾಯಾಧೀಶರೇ ಅದರ ಮೇಲೆ ಕಣ್ಣಿಡುವ ಕೋರ್ಟು ಕಾಸರಗೋಡಿಗೂ ಬೇಕು ಎಂದು ಕ್ಲಬ್ಬಿನವರು, ರಕ್ಷಕ-ಶಿಕ್ಷಕ ಸಂಘದವರು ಮನವಿ ಬರೆಯುತ್ತಾರೆ. ಬೇಡಿಕೆಯಲ್ಲಿ ತಪ್ಪಿಲ್ಲ. ಆದರೆ ಅದಕ್ಕೆ ಲಗತ್ತಿಸಿದ ಖರ್ಚಿನ ಲೆಕ್ಕ ನೋಡಿದರೆ ತಲೆ ಚಚ್ಚಿಕೊಳ್ಳಬೇಕು. ಇಂಥ ಕೋರ್ಟು ಮೊದಲು ಶುರುವಾದದ್ದು 1989ರಲ್ಲಿ, ಅಮೆರಿಕದ ಮಯಾಮಿಯಲ್ಲಿ. ಅಲ್ಲಿನ ಡಾಲರ್ ಲೆಕ್ಕವನ್ನೇ ಇಂಟರ್‌ನೆಟ್ಟಿನಿಂದ ಇಳಿಸಿ, ರೂಪಾಯಿಗೆ ಗುಣಿಸಿ ಅಂಟಿಸಿದವರಿದ್ದಾರೆ. ಅಲ್ಲಿನ ಸಂಬಳ, ಅಲ್ಲಿನ ಆಸ್ಪತ್ರೆ ಬಿಲ್ಲು ಕಾಸರಗೋಡಿನ ವಿದ್ಯಾನಗರದ ಕೋರ್ಟಿಗೆ ಹೊಂದುವುದು ಹೇಗೆ?

ಹಂತ 1: ಯಾರಿಗೆ ಎಂದು ತೀರ್ಮಾನಿಸಿ

1985ರ ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆಯನ್ನೇ ಕೈಯಲ್ಲಿ ಹಿಡಿಯಿರಿ. ಸೇವನೆಗಾಗಿ 27ನೇ ಸೆಕ್ಷನ್‌ನಲ್ಲಿ ಸಿಕ್ಕಿಬಿದ್ದವರು ಮತ್ತು ಅಲ್ಪ ಪ್ರಮಾಣ ಇಟ್ಟುಕೊಂಡವರು ಮಾತ್ರ ನಿಮ್ಮ ಲೆಕ್ಕಕ್ಕೆ ಬರುತ್ತಾರೆ. ಅಲ್ಪ ಪ್ರಮಾಣವೆಂದರೆ ಗಾಂಜಾ 1 ಕಿಲೋ, ಎಂಡಿಎಂಎ ಎಂಬ ರಾಸಾಯನಿಕ ಮಾದಕ ಅರ್ಧ ಗ್ರಾಂವರೆಗೆ. ತಾನಾಗಿ ಚಿಕಿತ್ಸೆಗೆ ಮುಂದಾದವನಿಗೆ ವಿಚಾರಣೆಯಿಂದ ರಕ್ಷಣೆ ಕೊಡುವುದು 64ಎ. ತಪ್ಪಿತಸ್ಥನೆಂದು ತೀರ್ಪಾದ ಮೇಲೂ ಚಿಕಿತ್ಸೆಗೆ ಬಿಡಲು ಅವಕಾಶ ಕೊಡುವುದು 39. ಮಾರುವವರನ್ನು ಇದಕ್ಕೆ ಸೇರಿಸಬೇಡಿ, ಮನವಿ ಅಲ್ಲೇ ಬಿದ್ದುಹೋಗುತ್ತದೆ. ಹದಿನೆಂಟು ತುಂಬದವರಿಗೆ ಬಾಲನ್ಯಾಯ ಮಂಡಳಿ ಬೇರೆಯೇ ಇದೆ.

ಹಂತ 2: ಅಂಕಿಗಳನ್ನು ಕೇಳಿ ತರಿಸಿ

ಅಬಕಾರಿ, ಪೊಲೀಸ್, ಜೈಲು ಇಲಾಖೆಗಳಿಗೆ ಬೇರೆಬೇರೆ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, 30 ದಿನದ ಗಡುವು. 'ಒಟ್ಟು ಎಷ್ಟು ಉಳಿಯಬಹುದು?' ಎಂದು ಕೇಳಬೇಡಿ. ಕಡತದಲ್ಲಿ ಇಲ್ಲದ್ದನ್ನು ಲೆಕ್ಕ ಹಾಕಿ ಕೊಡುವ ಬಾಧ್ಯತೆ ಅವರಿಗಿಲ್ಲ. ಕನ್ನಡದಲ್ಲೇ ಬರೆಯಿರಿ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಇಲ್ಲಿನ ಕನ್ನಡಿಗರಿಗೆ ಕೊಟ್ಟ ಹಕ್ಕು ಅದು, ಬಳಸದಿದ್ದರೆ ತುಕ್ಕು ಹಿಡಿಯುತ್ತದೆ. ರಾಜ್ಯ ಬಜೆಟ್ಟಿನಲ್ಲಿ ನೋಡಬೇಕಾದ ಲೆಕ್ಕ ಶೀರ್ಷಿಕೆಗಳು, ಅವುಗಳ ಸಂಖ್ಯೆಯೊಂದಿಗೆ (ಇಸವಿಯಲ್ಲ): ನ್ಯಾಯಾಡಳಿತ 2014, ಅಬಕಾರಿ 2039, ಪೊಲೀಸ್ 2055, ಜೈಲು 2056, ವೈದ್ಯಕೀಯ 2210.

ಹಂತ 3: ಹೊಸ ಖರ್ಚು, ಹಳೆಯ ಖರ್ಚು ಬೇರೆ ಮಾಡಿ

ಎಲ್ಲರೂ ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಓದಿ.

ಕಾಗದದಲ್ಲಿ ಮೂರು ಕಂಬಸಾಲು ಎಳೆಯಿರಿ: ಹೊಸದಾಗಿ ಬೇಕಾದ ಹಣ, ಈಗಾಗಲೇ ಕೊಡುತ್ತಿರುವ ಹಣ, ಹೋಗುವ ಸಮಯ. ನ್ಯಾಯಾಧೀಶರ ಸಂಬಳ ಎರಡನೆಯದರಲ್ಲಿ ಬರುತ್ತದೆ. ಈಗಿರುವ ಕೋರ್ಟೇ ಈ ಕೆಲಸವನ್ನೂ ಮಾಡಿದರೆ ಅದು ಹೊಸ ಖರ್ಚಲ್ಲ. ಹಾಗೆಂದು ಪುಕ್ಕಟೆಯೂ ಅಲ್ಲ. 40 ಜನರಿದ್ದಾರೆ ಎಂದುಕೊಳ್ಳಿ. ಒಬ್ಬೊಬ್ಬನಿಗೆ 10 ನಿಮಿಷವೆಂದರೂ 400 ನಿಮಿಷ, ಅಲ್ಲಿಗೆ ಕೋರ್ಟಿನ ಒಂದು ಇಡೀ ದಿನ ಮುಗಿಯಿತು. ಎರಡು ವಾರಕ್ಕೊಮ್ಮೆ ಕೂತರೆ ವರ್ಷಕ್ಕೆ 26 ದಿನ. ಆ ದಿನಗಳಲ್ಲಿ ಮುಂದೂಡಿಹೋಗುವ ಬೇರೆ ಕೇಸುಗಳನ್ನು ಮೂರನೆಯ ಕಂಬಸಾಲಿನಲ್ಲಿ ತೋರಿಸಲೇಬೇಕು.

ಮತ್ತೆ ಸೇವಿಸಿದ್ದಾನೆಯೇ ಎಂದು ನೋಡುವ ಮೂತ್ರ ಪರೀಕ್ಷೆಯಾದರೋ ಪೂರ್ತಿ ಹೊಸ ಖರ್ಚು. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ಮೂರು ತಿಂಗಳು ವಾರಕ್ಕೊಂದು, ಉಳಿದ ಆರು ತಿಂಗಳು ಎರಡು ವಾರಕ್ಕೊಂದು: 26+13+13, ಅಂದರೆ ತಲೆಗೆ 52. ನಲವತ್ತು ಜನರಿಗೆ 2,080 ಪರೀಕ್ಷಾ ಪಟ್ಟಿಗಳು (ಮೂತ್ರದಲ್ಲಿ ಅದ್ದಿ ಬಣ್ಣ ನೋಡುವ ಸ್ಟ್ರಿಪ್). 'ಹನ್ನೆರಡು ಮಾದಕಗಳು ಒಂದೇ ಪಟ್ಟಿಯಲ್ಲಿ' ಎಂದು ಆನ್‌ಲೈನಿನಲ್ಲಿ ಮಾರುವುದನ್ನು ದಯವಿಟ್ಟು ನಂಬಬೇಡಿ. ನಮ್ಮ ಕಡೆ ಯಾರೂ ಕಾಣದ ಮಾದಕಗಳಿಗೂ ಅದರಲ್ಲಿ ದುಡ್ಡು ಕೊಡುತ್ತೀರಿ. ಅಫೀಮಿನ ಸಾಮಾನ್ಯ ಪಟ್ಟಿಗೋ ಬುಪ್ರೆನಾರ್ಫಿನ್ (ಅಮಲಿಗೂ ಬಳಸುವ ನೋವಿನ ಔಷಧ) ಸಿಗುವುದೇ ಇಲ್ಲ, ಅದಕ್ಕೆ ಬೇರೆ ಪಟ್ಟಿ ಬೇಕು. ಕೆಲವು ಕೆಮ್ಮಿನ ಔಷಧ ಕುಡಿದವನಿಗೂ ಪಾಸಿಟಿವ್ ತೋರಿಸಬಹುದು. ಹಾಗಾಗಿ ಪಾಸಿಟಿವ್ ಬಂದದ್ದನ್ನು ಲ್ಯಾಬಿನಲ್ಲಿ ಖಚಿತಪಡಿಸುವ ಖರ್ಚನ್ನು ಬೇರೆ ಸಾಲಾಗಿ ಬರೆಯಿರಿ. ಒಂದು ಪಟ್ಟಿಯ ಬಣ್ಣ ನೋಡಿ ಯಾರನ್ನೂ ಜೈಲಿಗೆ ಕಳಿಸುವಂತಿಲ್ಲ.

ಇನ್ನು 'ಉಳಿತಾಯ'ದ ಕಥೆ. ಜೈಲಿನ ಒಟ್ಟು ಬಜೆಟ್ಟನ್ನು ಕೈದಿಗಳ ಸಂಖ್ಯೆಯಿಂದ ಭಾಗಿಸಿ, 40ರಿಂದ ಗುಣಿಸಿ, 'ಸರಕಾರಕ್ಕೆ ಇಷ್ಟು ಲಕ್ಷ ಉಳಿಯಿತು' ಎಂದು ಬರೆಯುತ್ತಾರೆ. ಶುದ್ಧ ಸುಳ್ಳು ಲೆಕ್ಕ. ನಮ್ಮ ಜಿಲ್ಲೆಯ ಹೊಸದುರ್ಗದ ಜೈಲಿಗೆ ನಲವತ್ತು ಜನ ಕಡಿಮೆ ಬಂದರೆ ವಾರ್ಡನ್ನನ ಸಂಬಳ ಕಡಿಮೆಯಾಗುತ್ತದೆಯೇ? ಉಳಿಯುವುದು ಊಟ, ಬಟ್ಟೆ, ಔಷಧ, ಕೋರ್ಟಿಗೆ ಕರೆತರುವ ವಾಹನದ ಡೀಸೆಲ್, ಇಷ್ಟೇ. ಇನ್ನೂ ದೊಡ್ಡ ತಪ್ಪೆಂದರೆ, ಗಾಂಜಾ ಸೇದಿ ಸಿಕ್ಕಿಬಿದ್ದವನಿಗೆ 27ರಲ್ಲಿ ಇರುವುದು ಆರು ತಿಂಗಳವರೆಗಿನ ಜೈಲು ಅಥವಾ 10,000 ರೂಪಾಯಿವರೆಗಿನ ದಂಡ, ಇಲ್ಲವೇ ಎರಡೂ. ದಂಡ ಕಟ್ಟಿ ಮನೆಗೆ ಹೋಗುವವನು ಹೇಗೂ ಜೈಲಿಗೆ ಹೋಗುವವನಾಗಿರಲಿಲ್ಲ. ಅವನ ಮಟ್ಟಿಗೆ ಜೈಲಿನ ಉಳಿತಾಯ ಸೊನ್ನೆ. ಸೊನ್ನೆ ಎಂದೇ ಬರೆಯಿರಿ. ಹಣಕಾಸು ಇಲಾಖೆಯ ಗುಮಾಸ್ತರು ಮೊದಲು ಕೆಂಪು ಗೆರೆ ಎಳೆಯುವುದು ಇಲ್ಲಿಗೇ.

ಹಂತ 4: ನಮ್ಮ ಊರಿನ ಖರ್ಚು ಮರೆಯಬೇಡಿ

ಕೇರಳ ಸರಕಾರದ ವ್ಯಸನಮುಕ್ತಿ ಯೋಜನೆಯಾದ ವಿಮುಕ್ತಿಯ ಚಿಕಿತ್ಸಾ ಕೇಂದ್ರ ಇರುವುದು ನೀಲೇಶ್ವರದ ತಾಲೂಕು ಆಸ್ಪತ್ರೆಯಲ್ಲಿ. ಪೆರ್ಲದ ಹುಡುಗ ಬದಿಯಡ್ಕ, ಕಾಸರಗೋಡು ದಾಟಿ ಅಲ್ಲಿಗೆ ಹೋಗಬೇಕು. ಜೊತೆಗೆ ತಾಯಿಯೋ ಅಣ್ಣನೋ ಒಂದು ದಿನದ ಕೂಲಿ ಬಿಟ್ಟು ಹೋಗಬೇಕು. ಬಸ್ ಪಾಸ್ ಎಂದು ಒಂದು ಸಾಲು ಸೇರಿಸಿ. ಕನ್ನಡ, ತುಳು, ಬ್ಯಾರಿ ಬಲ್ಲ ಆಪ್ತಸಮಾಲೋಚಕರ ಸಂಬಳ ಇನ್ನೊಂದು ಸಾಲು. ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವವನಲ್ಲ. ತುಳುವಿನಲ್ಲಿ ಅಳುವವನಿಗೆ ಮಲಯಾಳಂ ಮಾತ್ರ ಗೊತ್ತಿರುವವರು ಏನು ಸಮಾಧಾನ ಹೇಳಿಯಾರು? ಕಟ್ಟಡ ಮಾತ್ರ ಕೇಳಬೇಡಿ, ಇರುವ ಕೋಣೆಯೇ ಸಾಕು.

ಹಂತ 5: ಕಳಿಸಿ

ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ ವಿಶೇಷ ಕೋರ್ಟಿಗೆ ನ್ಯಾಯಾಧೀಶರನ್ನು ನೇಮಿಸುವುದು ಸರಕಾರ, ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳ ಒಪ್ಪಿಗೆಯೊಂದಿಗೆ. ಆದ್ದರಿಂದ ಮನವಿ ತಿರುವನಂತಪುರಕ್ಕೆ, ಪ್ರತಿ ಹೈಕೋರ್ಟ್ ಇರುವ ಎರ್ನಾಕುಳಕ್ಕೆ. ಪರೀಕ್ಷಾ ಪಟ್ಟಿಗಳಿಗೆ ಮೂರು ಅಂಗಡಿಗಳ ದರಪಟ್ಟಿ ಲಗತ್ತಿಸಿ, ಸ್ಪೀಡ್ ಪೋಸ್ಟಿನಲ್ಲಿ ಹಾಕಿ, ರಶೀದಿಯನ್ನು ಸಂಘದ ಕಡತದಲ್ಲೇ ಇಡಿ, ಕಾರ್ಯದರ್ಶಿಯ ಕಿಸೆಯಲ್ಲಿ ಅಲ್ಲ.