ಸೂಳೆಕೆರೆ ದಂಡೆಯಲ್ಲಿ ಕಲಿತ ಲೆಕ್ಕ

ನಮ್ಮ ಕಡೆ ಹಕ್ಕಿ, ಮೀನು, ಕಾಡುಪ್ರಾಣಿಗಳ ವಿಷಯ ಬಲ್ಲವರು ಓದಿ ಕಲಿತವರಲ್ಲ. ಕುರಿ ಕಾಯುವವರು, ಬಲೆ ಬಿಡುವವರು, ತೂಬಿನ ನೀರು ನೋಡಿಕೊಳ್ಳುತ್ತಿದ್ದ ನೀರಗಂಟಿಗಳು. ಅವರನ್ನು ಯಾರೂ ತಜ್ಞರು ಅಂತ ಕರೆಯಲಿಲ್ಲ. ಆ ತಲೆಮಾರು ಮುಗಿಯುತ್ತ ಬಂತು. ಅಂಥವರೊಬ್ಬರ ಪಕ್ಕ ಕೂತು ಕಲಿತದ್ದನ್ನು ನಾನು ಹೇಗೆ ಉಳಿಸಿಕೊಂಡಿದ್ದೇನೆ ಅನ್ನುವುದನ್ನು ಬರೆದಿಡುತ್ತಿದ್ದೇನೆ.

ನನಗೆ ಗಾಳ ಹಿಡಿಯಲು ಕಲಿಸಿದವರು ಸೂಳೆಕೆರೆ ಮಗ್ಗುಲಿನ ಊರಿನ ಹಿರಿಯರು. ಅಪ್ಪನ ಗೆಳೆಯರಾದ್ದರಿಂದ ದೊಡ್ಡಪ್ಪ ಅನ್ನುತ್ತಿದ್ದೆ. ಚನ್ನಗಿರಿ ತಾಲ್ಲೂಕಿನ ಈ ಕೆರೆಗೆ ಶಾಂತಿಸಾಗರ ಅಂತಲೂ ಹೆಸರಿದೆ. ಎರಡು ಗುಡ್ಡಗಳ ನಡುವೆ ಕಟ್ಟಿದ ಏರಿ, ಒಂದು ಕಡೆ ಸಿದ್ಧನ ತೂಬು, ಇನ್ನೊಂದು ಕಡೆ ಬಸವನ ತೂಬು. ಚಿತ್ರದುರ್ಗದವರೂ ಇದೇ ಕೆರೆಯ ನೀರು ಕುಡಿಯುತ್ತಾರೆ. ಇಷ್ಟು ದೊಡ್ಡ ಕೆರೆಯಲ್ಲಿ ದೊಡ್ಡಪ್ಪ ಕೂರುತ್ತಿದ್ದದ್ದು ಮಾತ್ರ ಯಾವಾಗಲೂ ಒಂದೇ ಜಾಲಿಮರದ ಕೆಳಗೆ. ಜಾಗ ಬದಲಿಸಿದರೆ ಏನು ಬದಲಾಯಿತು ಅಂತ ಗೊತ್ತಾಗುವುದಿಲ್ಲ ಅನ್ನುವುದು ಅವರ ಲೆಕ್ಕ. ನಾನು ಇವತ್ತಿಗೂ ಜಾಗ ಬದಲಿಸಿಲ್ಲ.

ಮೀನು ಕಚ್ಚಿದ್ದನ್ನು ತಿಳಿಸಲು ನೀರಿನ ಮೇಲೆ ತೇಲುವ ಬೆಂಡು ನಾನೇ ಮಾಡಿಕೊಳ್ಳುತ್ತೇನೆ. ಒಣಗಿದ ಜೋಳದ ದಂಟಿನ ಸಿಪ್ಪೆ ಸುಲಿದು, ಒಳಗಿನ ತಿರುಳನ್ನು ಬೆರಳುದ್ದ ಕತ್ತರಿಸಿ ದಾರಕ್ಕೆ ಕಟ್ಟಿದರೆ ಸಾಕು. ಅಂಗಡಿಯ ಪ್ಲಾಸ್ಟಿಕ್ ಬೆಂಡಿಗಿಂತ ಇದು ಸೂಕ್ಷ್ಮ. ಸಣ್ಣ ಮೀನಾದರೆ ತುಕುತುಕು ಅಂತ ಕುಣಿಸುತ್ತದೆ. ಏಡಿಯಾದರೆ ಮೆಲ್ಲಗೆ ಅಡ್ಡಕ್ಕೆ ಎಳೆದುಕೊಂಡು ಹೋಗುತ್ತದೆ. ಕೊರವ ಮೀನು ಕಚ್ಚಿದರೆ ಬೆಂಡು ಕಾಣುವುದೇ ಇಲ್ಲ, ಒಂದೇ ಸಲಕ್ಕೆ ಒಳಗೆ. ಚೇಳುಮೀನು ಬಂದರೆ ಕೈ ಹಾಕಬಾರದು, ಬಟ್ಟೆ ಸುತ್ತಿ ಹಿಡಿಯಬೇಕು. ಪಕ್ಕದ ರೆಕ್ಕೆಯ ಮುಳ್ಳಿನಲ್ಲಿ ವಿಷವಿದೆ. ಇನ್ನೊಂದು ಮಾತು, ಈಗ ಕೆರೆಗಳು ಮೀನಿಗೆ ಟೆಂಡರ್ ಆಗಿರುತ್ತವೆ. ಟೆಂಡರ್ ಹಿಡಿದವರನ್ನು ಕೇಳಿಯೇ ಗಾಳ ಹಾಕಬೇಕು.

ಆದರೆ ಗಾಳ ದೊಡ್ಡಪ್ಪನಿಗೆ ಕೂರುವುದಕ್ಕೊಂದು ನೆಪ. "ನೀರು ನೋಡಪ ತಮ್ಮ, ಬೆಂಡು ಆಮೇಲೆ ನೋಡುವಂತಿ" ಅನ್ನುತ್ತಿದ್ದರು. ನೀರುಕಾಗೆಗಳ ಹಿಂಡು ಸಾಲಾಗಿ ಮುಳುಗುತ್ತ ದಂಡೆ ಕಡೆ ಬಂತೆಂದರೆ ಸಣ್ಣ ಮೀನು ಹೆದರಿ ತೆಳುನೀರಿಗೆ ನುಗ್ಗುತ್ತವೆ. ಅಲ್ಲಿ ಬೆಳ್ಳಕ್ಕಿಗಳು ಮೊದಲೇ ಬಂದು ನಿಂತಿರುತ್ತವೆ. ಕಪ್ಪುಬಿಳಿ ಮಿಂಚುಳ್ಳಿ ಗಾಳಿಯಲ್ಲೇ ರೆಕ್ಕೆ ಬಡಿಯುತ್ತ ನಿಲ್ಲುವುದು ಯಾವ ಜಾಗದ ಮೇಲೆ, ಅಲ್ಲಿಂದ ಎಷ್ಟು ಸಲ ಬರಿಗೈಯಲ್ಲಿ ಮೇಲೇಳುತ್ತದೆ, ಇದನ್ನೆಲ್ಲ ಅವರು ಎಣಿಸುತ್ತಿದ್ದರು.

ಒಂದು ಮುಂಗಾರಿನಲ್ಲಿ ಅವರು ತೋರಿಸಿದ್ದನ್ನು ನಾನು ಮರೆಯಲಾರೆ. ನೀರಲ್ಲಿ ಬೆಳೆದ ಆಪುಹುಲ್ಲಿನ ಸಂದಿಯಲ್ಲಿ ಅಂಗೈಯಗಲ ನೀರು ಕೆಂಪಗೆ ಕುದಿಯುತ್ತಿತ್ತು. ಬಗ್ಗಿ ನೋಡಿದರೆ ಕೊರವನ ಮರಿಗಳು, ಒಂದಕ್ಕೊಂದು ಅಂಟಿಕೊಂಡಂತೆ ಮೇಲೆ ಬಂದು ಗಾಳಿ ನುಂಗಿ ಕೆಳಗೆ ಹೋಗುತ್ತಿದ್ದವು. ಅವುಗಳ ಅಡಿಯಲ್ಲಿ ಮಬ್ಬು ನೆರಳು, ಮರಿ ಕಾಯುವ ತಾಯಿತಂದೆ. ಆಗ ಕಪ್ಪೆಮರಿ ಸಿಕ್ಕಿಸಿದ ಗಾಳ ಹಾಕಿದರೆ ಕೊರವ ಹಸಿವಿಲ್ಲದಿದ್ದರೂ ಸಿಟ್ಟಿಗೆ ಬಂದು ಕಚ್ಚುತ್ತದೆ. ಅದಕ್ಕೇ ಅವರು ಹಾಕುತ್ತಿರಲಿಲ್ಲ. "ಮರಿ ಕಾಯೋದನ್ನ ಹಿಡಿದ್ರೆ ಇಡೀ ಗುಂಪು ಬೇರೆ ಮೀನಿನ ಬಾಯಿಗೆ ಹೋಗ್ತತಪ" ಅಂದು ಗಾಳ ಸುತ್ತಿಕೊಂಡು ಎದ್ದರು. ಕಾನೂನು ಹೇಳುವ ಮೊದಲೇ ಹೀಗೆ ಕೈ ತಡೆದುಕೊಂಡವರು ಇದ್ದರು ಅನ್ನುವುದು ನನಗೆ ಬಹಳ ದೊಡ್ಡ ವಿಷಯ.

ಈಗ ಬುಟ್ಟಿ ತುಂಬ ಬರುವುದು ಜಿಲೇಬಿ ಮೀನು. ಅದು ಆಫ್ರಿಕಾ ಮೂಲದ್ದು, ಭಾರತಕ್ಕೆ ತಂದದ್ದು 1952ರಲ್ಲಿ. ಬಾಯಲ್ಲೇ ಮೊಟ್ಟೆ ಇಟ್ಟುಕೊಂಡು ಮರಿ ಮಾಡುವುದರಿಂದ ಬೇಗ ಹರಡುತ್ತದೆ. ನಾಟಿ ಮೀನು ಸಿಕ್ಕ ದಿನ ನಾನು ಮೊದಲು ಮಾಡುವ ಕೆಲಸ ಅದರ ಹೆಸರು ಬರೆಯುವುದು.

ಮೀನಿನಿಂದ ಕಲಿತ ತಾಳ್ಮೆ ಗುಡ್ಡದಲ್ಲೂ ಉಪಯೋಗಕ್ಕೆ ಬಂತು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿ ವನ್ಯಧಾಮವಿದೆ. ಕೊಂಡುಕುರಿ ಹುಲ್ಲೆಯ ಜಾತಿಯದು, ಗಂಡಿಗೆ ನಾಲ್ಕು ಕೊಂಬು, ಮುಂದಿನ ಜೋಡಿ ಗಿಡ್ಡ. ಒಂಟಿಯಾಗಿ ಇರುವ ನಾಚಿಕೆಯ ಪ್ರಾಣಿ, ಹುಡುಕಿ ಹೋದರೆ ಸಿಗುವುದಿಲ್ಲ. ಆದರೆ ಅದು ಹಿಕ್ಕೆ ಹಾಕಲು ಅದೇ ಅದೇ ಜಾಗಕ್ಕೆ ಬರುತ್ತದೆ ಅಂತ ಕುರಿಗಾಹಿಗಳಿಗೆ ಗೊತ್ತು. ದಾರಿಯ ಅಂಚಿನಲ್ಲಿ ಅಂಥ ಗುಡ್ಡೆ ಕಂಡರೆ ಹಿಕ್ಕೆ ಹಸಿಯೋ ಒಣಗಿದ್ದೋ ನೋಡಿ ಬರೆದುಕೊಳ್ಳುತ್ತೇನೆ. ಪ್ರಾಣಿ ಕಾಣದೆ ಬಂದರೂ ಬೇಜಾರಿಲ್ಲ.

ಬರೆಯುವ ಚಟ ಗಟ್ಟಿಯಾದದ್ದು 2022ರಲ್ಲಿ. ಹಿರಿಯೂರಿನ ವಾಣಿ ವಿಲಾಸ ಸಾಗರ ಜಲಾಶಯ 1933ರ ನಂತರ ಮೊದಲ ಸಲ ಆ ವರ್ಷ ಕೋಡಿ ಬಿತ್ತು. ಜನಸಾಗರವೇ ನೆರೆದಿತ್ತು. ಹಿಂದಿನ ಸಲ ಕೋಡಿಯಲ್ಲಿ ಯಾವ ಮೀನು ಇಳಿದವು, ಹಿನ್ನೀರಿಗೆ ಯಾವ ಹಕ್ಕಿ ಬಂದವು ಅಂತ ನಾನು ಸಿಕ್ಕಸಿಕ್ಕ ಮುದುಕರನ್ನು ಕೇಳಿದೆ. ನೋಡಿದವರು ಒಬ್ಬರೂ ಸಿಗಲಿಲ್ಲ. ಎಂಬತ್ತೊಂಬತ್ತು ವರ್ಷ ಅಂದರೆ ಒಬ್ಬ ಮನುಷ್ಯನ ನೆನಪಿಗಿಂತ ಉದ್ದ. ದೊಡ್ಡಪ್ಪನೂ ಅಷ್ಟರಲ್ಲಿ ತೀರಿಕೊಂಡಿದ್ದರು, ಅವರ ತಲೆಯಲ್ಲಿದ್ದ ಸೂಳೆಕೆರೆಯೂ ಅವರ ಜೊತೆ ಹೋಗಿತ್ತು.

ಹಾಗಾಗಿ ನನ್ನ ನೋಟ್‌ಬುಕ್ಕಿನಲ್ಲಿ ತಾರೀಖಿನ ಪಕ್ಕ ಮಳೆಯ ಹೆಸರೂ ಇರುತ್ತದೆ, ಅವರು ನೆನಪಿಡುತ್ತಿದ್ದದ್ದು ಹಾಗೆಯೇ. ಮೃಗಶಿರದಲ್ಲಿ ಟಿಟ್ಟಿಭದ ಮೊಟ್ಟೆ, ಆರಿದ್ರೆಯಲ್ಲಿ ಗೀಜಗನ ಗೂಡು ಎಷ್ಟು ಇಳಿಯಿತು, ಸ್ವಾತಿ ಕಳೆದ ಮೇಲೆ ಪಟ್ಟೆತಲೆ ಹೆಬ್ಬಾತು ಬಂತೋ ಇಲ್ಲವೋ. ಬರದಿದ್ದರೆ ಬರಲಿಲ್ಲ ಅಂತಲೂ ಬರೆಯುತ್ತೇನೆ. ಪೆನ್ನಿನ ಶಾಯಿ ನೀರಿಗೆ ಅಳಿಸಿಹೋಗುತ್ತದೆ, ಪೆನ್ಸಿಲ್ ಉತ್ತಮ. ಊರಿನ ಹುಡುಗರು ಫೋನಿನಲ್ಲಿ ಹಕ್ಕಿಯ ಫೋಟೊ ತೆಗೆದು ತೋರಿಸಿದಾಗ ಹೆಸರು ಹೇಳುವ ಮೊದಲು ಎಲ್ಲಿ ಕೂತಿತ್ತು, ಏನು ತಿನ್ನುತ್ತಿತ್ತು ಅಂತ ಕೇಳುತ್ತೇನೆ. ಉತ್ತರ ಗೊತ್ತಿಲ್ಲದವರು ಮತ್ತೆ ಏರಿಯ ಕಡೆ ಹೋಗಿ ನೋಡಿ ಬರುತ್ತಾರೆ. ಅವರಲ್ಲಿ ಇಬ್ಬರು ಈಗ ತಮ್ಮದೇ ನೋಟ್‌ಬುಕ್ ಇಟ್ಟಿದ್ದಾರೆ.