ಕಾಕಾನ ಕೋಲ್ಡ್ ಸ್ಟೋರೇಜು, ನನ್ನ ಒಂದು ಪುಟದ ರೆಸ್ಯೂಮೆ

ವಿಜಯಪುರದಲ್ಲಿ ನಾನು ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಗ ಹಾಸ್ಟೆಲ್‌ನಲ್ಲಿ ಎಲ್ಲರ ರೆಸ್ಯೂಮೆಯೂ ಒಂದೇ. ಸೀನಿಯರ್‌ಗಳಿಂದ ಇಳಿದು ಬಂದ ವರ್ಡ್ ಫೈಲು. ಮೇಲೆ ‘ಕರಿಯರ್ ಆಬ್ಜೆಕ್ಟಿವ್’. ಕೆಳಗೆ ತಂದೆಯ ಹೆಸರು, ಮದುವೆ ಆಗಿದೆಯೋ ಇಲ್ಲವೋ, ಹವ್ಯಾಸ ಕ್ರಿಕೆಟ್ಟು, ‘ಮೇಲಿನದೆಲ್ಲ ನಿಜ’ ಅಂತ ಸಹಿ. ನಾನು ಮೊದಲು ಇಷ್ಟನ್ನೂ ಅಳಿಸಿದೆ. ಅರ್ಧ ಪುಟ ಖಾಲಿಯಾಯಿತು. ಅದನ್ನು ಪ್ರಾಜೆಕ್ಟ್‌ಗೆ ಕೊಟ್ಟೆ.

ಕಾಲೇಜಿನ ಪ್ರಾಜೆಕ್ಟ್ ನಾಲ್ಕು ಜನರದ್ದು, ಅದಕ್ಕೆ ಎರಡೇ ಸಾಲು. ಜಾಸ್ತಿ ಜಾಗ ಹೋಗಿದ್ದು ತಿಕೋಟಾ ಕಡೆಯ ಕೋಲ್ಡ್ ಸ್ಟೋರೇಜ್‌ಗೆ. ಅಲ್ಲಿ ನಮ್ಮ ಕಾಕಾ ಲೆಕ್ಕ ಬರೆಯುತ್ತಾರೆ. ಒಳ್ಳೆ ರೇಟು ಬರುವವರೆಗೆ ರೈತರು ಒಣದ್ರಾಕ್ಷಿ ಅಲ್ಲೇ ಇಡುತ್ತಾರೆ. ಯಾರ ಲಾಟು, ಎಷ್ಟು ಬಾಕ್ಸ್ ಒಳಗೆ ಬಂತು, ಎಷ್ಟು ಹೊರಗೆ ಹೋಯಿತು, ಬಾಡಿಗೆ ಎಷ್ಟು ಬಾಕಿ, ಎಲ್ಲ ರಿಜಿಸ್ಟರ್‌ನಲ್ಲೇ. ಅದನ್ನೇ ಜಾಂಗೋ (ಪೈಥಾನ್‌ನಲ್ಲಿ ವೆಬ್ ಅಪ್ಲಿಕೇಶನ್ ಕಟ್ಟುವ ಚೌಕಟ್ಟು), ಪೋಸ್ಟ್‌ಗ್ರೆಸ್ (ಡೇಟಾಬೇಸ್) ಬಳಸಿ ಮಾಡಿಕೊಟ್ಟೆ.

ಇಂಥದ್ದನ್ನು ಸಾಮಾನ್ಯವಾಗಿ ‘ಜಾಂಗೋ ಬಳಸಿ ವೆಬ್ ಅಪ್ಲಿಕೇಶನ್ ಅಭಿವೃದ್ಧಿಪಡಿಸಿದ್ದೇನೆ’ ಅಂತ ಬರೆದು ಮುಗಿಸುತ್ತಾರೆ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಸೀನಿಯರ್ ಒಬ್ಬರು ಫೋನಿನಲ್ಲಿ, “ತಮ್ಮಾ, ಅದು ಎಲ್ಲಾರೂ ಬರಿತಾರ. ಎಲ್ಲಿ ಸಿಕ್ಕಿಬಿದ್ದಿ, ಹೆಂಗ ಬಿಡಿಸ್ಕೊಂಡಿ, ಅದನ್ನ ಬರಿ” ಅಂದರು. ಸಿಕ್ಕಿಬಿದ್ದ ಜಾಗ ನನಗೆ ಗೊತ್ತಿತ್ತು: ಬಾಕಿ ರಿಪೋರ್ಟು. 2 ಲಕ್ಷ ಸಾಲು ಸುಳ್ಳು ಡೇಟಾ ತುಂಬಿ ನೋಡಿದರೆ ಅದು ತೆರೆಯಲು 6 ಸೆಕೆಂಡ್ ಹಿಡಿಯುತ್ತಿತ್ತು. ಡೇಟಾಬೇಸ್ ಎಲ್ಲಿ ಹೊತ್ತು ಕಳೆಯುತ್ತಿದೆ ಅಂತ ತೋರಿಸುವ ‘ಎಕ್ಸ್‌ಪ್ಲೇನ್ ಅನಲೈಸ್’ ಓಡಿಸಿದೆ. ರಿಪೋರ್ಟು ಪ್ರತಿ ರೈತನಿಗೂ ಟೇಬಲ್ ಪೂರ್ತಿ ಓದಿಸಿಕೊಳ್ಳುತ್ತಿತ್ತು. ರೈತ ಮತ್ತು ತಾರೀಖು ಸೇರಿಸಿ ಒಂದು ಇಂಡೆಕ್ಸ್ (ಪುಸ್ತಕದ ಕೊನೆಯ ಪದಸೂಚಿಯಂಥದ್ದು; ಎರಡು ಕಾಲಂ ಸೇರಿದ್ದರಿಂದ ‘ಕಾಂಪೊಸಿಟ್’) ಹಾಕಿದೆ, 1 ಸೆಕೆಂಡ್‌ಗಿಂತ ಕೆಳಗೆ ಬಂತು. ರೆಸ್ಯೂಮೆಗೆ ಹೋದ ಸಾಲು ಇದೇ: ‘2 ಲಕ್ಷ ಸಾಲಿನ ಟೆಸ್ಟ್ ಡೇಟಾದಲ್ಲಿ ಬಾಕಿ ರಿಪೋರ್ಟ್‌ನ ಸಮಯ 6 ಸೆಕೆಂಡ್‌ನಿಂದ 1 ಸೆಕೆಂಡ್‌ಗಿಂತ ಕೆಳಗೆ, ಕಾಂಪೊಸಿಟ್ ಇಂಡೆಕ್ಸ್ ಮೂಲಕ.’ ಟೆಸ್ಟ್ ಡೇಟಾ ಅನ್ನೋದನ್ನು ಬೇಕಂತಲೇ ಬರೆದೆ. ಮುಚ್ಚಿಟ್ಟರೆ ಮೊದಲ ಪ್ರಶ್ನೆಗೇ ಬಯಲಾಗುತ್ತೆ, ಅಲ್ವಾ?

ಸ್ಕಿಲ್ಸ್ ಭಾಗದಲ್ಲಿ, ಕೂತು ಹತ್ತು ನಿಮಿಷ ಮಾತಾಡಬಲ್ಲೆ ಅನ್ನಿಸಿದ್ದು ಮಾತ್ರ ಉಳಿಸಿದೆ. ಜಾವಾ ಹೋಯಿತು. ‘ಪೈಥಾನ್ 90%’ ಅಂತ ಪಟ್ಟಿ ಎಳೆಯೋದು ನನಗಂತೂ ತಮಾಷೆ ಅನ್ನಿಸುತ್ತೆ, ನೂರಕ್ಕೆ ತೊಂಬತ್ತು ಕೊಟ್ಟವರು ಯಾರು? ಸಿಜಿಪಿಎ (ಎಲ್ಲ ಸೆಮಿಸ್ಟರ್‌ಗಳ ಸರಾಸರಿ ಗ್ರೇಡು) ಬಿಡಲಿಲ್ಲ. ಫ್ರೆಶರ್‌ಗಳಿಗೆ ಕಟ್‌ಆಫ್ ಇಡುವ ಕಂಪನಿಗಳು ಅದನ್ನು ಹುಡುಕುತ್ತವೆ.

ನೋಟ ಸಾದಾ: ಒಂದೇ ಕಾಲಂ, ಫೋಟೋ ಇಲ್ಲ, ಪಿಡಿಎಫ್. ಮನುಷ್ಯರಿಗಿಂತ ಮೊದಲು ಅದನ್ನು ಎಷ್ಟೋ ಕಡೆ ಸಾಫ್ಟ್‌ವೇರ್ ಓದುತ್ತದೆ. ಪರೀಕ್ಷೆ ಸುಲಭ. ಪಿಡಿಎಫ್ ತೆರೆದು ಎಲ್ಲ ಸೆಲೆಕ್ಟ್ ಮಾಡಿ ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿ. ಗೆಳೆಯನ ಎರಡು ಕಾಲಂ ರೆಸ್ಯೂಮೆ ಹಾಗೆ ಹಾಕಿದಾಗ ಸ್ಕಿಲ್ಸ್ ಹೋಗಿ ವಿಳಾಸದ ನಡುವೆ ಕೂತಿತ್ತು, ಫೋನ್ ಚಿತ್ರದ ಜಾಗದಲ್ಲಿ ಸುಮ್ನೆ ಒಂದು ಚೌಕ.

ಇಂಟರ್‌ವ್ಯೂನಲ್ಲಿ ಅರ್ಧ ಹೊತ್ತು ಒಣದ್ರಾಕ್ಷಿಯದೇ ಮಾತು. ಒಂದೇ ಲಾಟನ್ನು ಇಬ್ಬರು ಒಟ್ಟಿಗೆ ಹೊರಗೆ ಹಾಕಿದರೆ ಸ್ಟಾಕ್ ಮೈನಸ್ ಆಗಲ್ವಾ ಅಂತ ಕೇಳಿದರು. ಟ್ರಾನ್ಸಾಕ್ಷನ್ (ಪೂರ್ತಿ ಆಗಬೇಕು, ಇಲ್ಲಾ ಏನೂ ಆಗಬಾರದು ಅನ್ನುವ ಕೆಲಸದ ಗುಂಪು) ಒಳಗೆ ಆ ಲಾಟಿನ ಸಾಲನ್ನು ಲಾಕ್ ಮಾಡಿ, ಒಬ್ಬರದು ಮುಗಿಯುವವರೆಗೆ ಇನ್ನೊಬ್ಬರನ್ನು ಕಾಯಿಸುವುದನ್ನು ಬಿಡಿಸಿ ಹೇಳಿದೆ.

ಈಗ ಮುಂದಿನ ರೆಸ್ಯೂಮೆಗೆಂದು ಶುಕ್ರವಾರಕ್ಕೊಮ್ಮೆ ಆ ವಾರ ಮಾಡಿದ್ದನ್ನು ಅಂಕಿ ಸಮೇತ ಸ್ವಂತ ನೋಟ್‌ಬುಕ್‌ನಲ್ಲಿ ಬರೆದಿಡುತ್ತೇನೆ, ಕಂಪನಿಯ ಗುಟ್ಟು ಬಿಟ್ಟು. ಕೆಲಸ ಬಿಟ್ಟು ಲ್ಯಾಪ್‌ಟಾಪ್ ವಾಪಸ್ ಕೊಟ್ಟ ಮೇಲೆ ಆ ಅಂಕಿ ಯಾರೂ ತೆಗೆದು ಕೊಡಲ್ಲ.