ಎಲೆಕ್ಟ್ರಿಕ್ ಚೈನ್ ಹಾಯ್ಸ್ಟ್: ಲೋಡ್ ನೆಲ ಬಿಡುವ ಮೊದಲು

ಕೈಯಲ್ಲಿ ಚೈನ್ ಎಳೆದು ಎತ್ತುವಾಗ ಭಾರ ಮಿತಿ ಮೀರಿದರೆ ತೋಳಿಗೇ ಗೊತ್ತಾಗುತ್ತದೆ. ಗುಂಡಿ ಒತ್ತಿದರೆ ಮೋಟಾರ್‌ನಿಂದ ಭಾರ ಎತ್ತುವ ಎಲೆಕ್ಟ್ರಿಕ್ ಹಾಯ್ಸ್ಟ್‌ನಲ್ಲಿ ಆ ಸುಳಿವು ಸಿಗುವುದಿಲ್ಲ. ನೂರು ಕೆ.ಜಿ.ಯಾದರೂ ಸಾವಿರ ಕೆ.ಜಿ.ಯಾದರೂ ಗುಂಡಿ ಒತ್ತುವ ಬೆರಳಿಗೆ ಒಂದೇ ಶ್ರಮ. ತೋಳು ಹೇಳುತ್ತಿದ್ದುದನ್ನೆಲ್ಲ ಇಲ್ಲಿ ಕಣ್ಣಿನಿಂದ ತಿಳಿದುಕೊಳ್ಳಬೇಕು.

ಶಿಫ್ಟ್ ಶುರುವಾದಾಗ ಮೊದಲು ಹುಕ್ ನೋಡಿ. ಅದರ ಬಾಯಿ ಅಗಲವಾಗಿದ್ದರೆ ಅಥವಾ ತಿರುಚಿದ್ದರೆ ಬದಲಾಯಿಸಲೇಬೇಕು. ಕಾಯಿಸಿ ಬಡಿದು ಸರಿಮಾಡುವಂತಿಲ್ಲ. ಹುಕ್‌ನ ಬಾಯಿ ಮುಚ್ಚುವ ಲ್ಯಾಚ್ ಒತ್ತಿ ಬಿಟ್ಟರೆ ತಾನಾಗಿ ಮುಚ್ಚಿಕೊಳ್ಳಬೇಕು. ಆಮೇಲೆ ಚೈನ್. ಕೊಂಡಿಗಳು ಸವೆಯುವುದು ಒಂದಕ್ಕೊಂದು ಉಜ್ಜುವ ಒಳಬದಿಯಲ್ಲಿ. ಚೈನ್ ಬಿಗಿಯಾಗಿದ್ದರೆ ಆ ಜಾಗ ಕಾಣುವುದೇ ಇಲ್ಲ. ಸಡಿಲ ಬಿಟ್ಟು, ಎರಡು ಕೊಂಡಿಗಳನ್ನು ಬಾಗಿಸಿ ಒಳಬದಿ ನೋಡಿ. ಗೀರು, ಬಿರುಕು, ಉದ್ದಕ್ಕೆ ಎಳೆದಂತಾದ ಕೊಂಡಿ ಕಂಡರೆ ಕೆಲಸ ನಿಲ್ಲಿಸಿ. ತುಂಡಾದ ಚೈನ್‌ಗೆ ಬೋಲ್ಟ್ ಹಾಕುವುದು, ವೆಲ್ಡಿಂಗ್ ಮಾಡುವುದು ಎಂದೂ ಸಲ್ಲದು.

ಈಗ ಲೋಡ್ ಇಲ್ಲದೆ ಓಡಿಸಿ. 'ಮೇಲೆ' ಒತ್ತಿದರೆ ಹುಕ್ ಮೇಲೇ ಹೋಗುತ್ತಿದೆಯೇ? ತ್ರೀ ಫೇಸ್ ಹಾಯ್ಸ್ಟ್‌ನ ಸಂಪರ್ಕ ಬದಲಿಸಿದಾಗ ಫೇಸ್ ಅದಲುಬದಲಾಗಿ ಮೋಟಾರ್ ಉಲ್ಟಾ ತಿರುಗುವುದುಂಟು. ಹೇಗೂ ಗುಂಡಿ ಗೊತ್ತಾಯಿತಲ್ಲ ಎಂದು ಹಾಗೇ ಬಳಸುವವರಿದ್ದಾರೆ. ಇದು ತುಂಬಾ ಅಪಾಯ. ಹುಕ್ ಮಿತಿ ಮೀರಿ ಏರದಂತೆ ನಿಲ್ಲಿಸುವ ಮೇಲಿನ ಲಿಮಿಟ್ ಸ್ವಿಚ್ ಸಾಮಾನ್ಯವಾಗಿ 'ಮೇಲೆ' ಸರ್ಕ್ಯೂಟನ್ನು ಮಾತ್ರ ಕಡಿಯುತ್ತದೆ. ಹುಕ್ 'ಕೆಳಗೆ' ಗುಂಡಿಯಿಂದ ಏರುತ್ತಿದ್ದರೆ ಅದನ್ನು ತಡೆಯಲು ಏನೂ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಬಂದು ಸರಿಪಡಿಸುವ ತನಕ ಮುಟ್ಟಬೇಡಿ. ದಿಕ್ಕು ಸರಿಯಿದ್ದರೆ ಲಿಮಿಟ್ ಸ್ವಿಚ್ಚನ್ನೂ ಕೆಂಪು ಎಮರ್ಜೆನ್ಸಿ ಗುಂಡಿಯನ್ನೂ ಪರೀಕ್ಷಿಸಿ.

ತೂಕವನ್ನು ಕಣ್ಣಂದಾಜಿಗೆ ಬಿಡಬೇಡಿ. ಒಂದು ಘನ ಮೀಟರ್ ಉಕ್ಕು ಸುಮಾರು 7,850 ಕೆ.ಜಿ. ತೂಗುತ್ತದೆ. 2 ಮೀಟರ್ ಉದ್ದ, 1 ಮೀಟರ್ ಅಗಲ, 20 ಮಿ.ಮೀ. ದಪ್ಪದ ಪ್ಲೇಟ್ ಎಂದರೆ 314 ಕೆ.ಜಿ. ಇದಕ್ಕೆ ಸ್ಲಿಂಗ್ (ಲೋಡನ್ನು ಹುಕ್‌ಗೆ ತೂಗುಹಾಕುವ ಪಟ್ಟಿ, ಹಗ್ಗ ಅಥವಾ ಚೈನ್), ಕ್ಲ್ಯಾಂಪ್‌ಗಳ ತೂಕ ಸೇರಿಸಿ, ಹಾಯ್ಸ್ಟ್ ಮೇಲೆ ಬರೆದ ಸಾಮರ್ಥ್ಯದೊಂದಿಗೆ ಹೋಲಿಸಿ. ಭಾರ ಮಿತಿ ಮೀರಿದರೆ ಜಾರುವ ಓವರ್‌ಲೋಡ್ ಕ್ಲಚ್ ಇದೆಯಲ್ಲ ಎಂದು ಎತ್ತಿ ನೋಡುವುದು ಬೇಡ, ಅದು ತಕ್ಕಡಿಯಲ್ಲ.

ಸ್ಲಿಂಗ್ ಕಟ್ಟುವಾಗ ಕೋನದ ಕಡೆ ಗಮನವಿರಲಿ. 1,000 ಕೆ.ಜಿ. ಲೋಡನ್ನು ಎರಡು ಸ್ಲಿಂಗ್‌ಗಳಲ್ಲಿ ಎತ್ತುತ್ತಿದ್ದೀರಿ ಎನ್ನೋಣ. ನೆಲಕ್ಕೆ 60 ಡಿಗ್ರಿ ಕೋನದಲ್ಲಿದ್ದರೆ ಒಂದೊಂದರ ಮೇಲೆ ಸುಮಾರು 577 ಕೆ.ಜಿ. ಭಾರ. ಕೋನ 30 ಡಿಗ್ರಿಗೆ ಇಳಿದರೆ ಒಂದೊಂದೂ 1,000 ಕೆ.ಜಿ. ಹೊರಬೇಕು! ಹಾಯ್ಸ್ಟ್‌ನ ಚೈನನ್ನೇ ಲೋಡ್‌ಗೆ ಸುತ್ತಿ ಕಟ್ಟಬೇಡಿ. ಸ್ಲಿಂಗ್ ಹುಕ್‌ನ ತುದಿಯಲ್ಲಲ್ಲ, ಬಾಗಿದ ತಳದಲ್ಲಿ ಕೂರಬೇಕು.

ಹಾಯ್ಸ್ಟನ್ನು ಹೊತ್ತು ತೊಲೆಯ ಉದ್ದಕ್ಕೂ ಸಾಗುವ ಟ್ರಾಲಿ ಲೋಡ್‌ನ ನೆತ್ತಿಯ ಮೇಲೇ ನಿಲ್ಲಲಿ. ಓರೆಯಾಗಿ ಎಳೆದರೆ ನೆಲ ಬಿಟ್ಟ ಕ್ಷಣವೇ ಲೋಡ್ ತೂಗಾಡಿ ಪಕ್ಕದವರಿಗೆ ಬಡಿಯುತ್ತದೆ. ಮೊದಲು ಚೈನ್‌ನ ಸಡಿಲ ಮಾತ್ರ ಎಳೆದುಕೊಂಡು ನಿಲ್ಲಿಸಿ, ಸ್ಲಿಂಗ್ ಸರಿಯಾಗಿದೆಯೇ ನೋಡಿ. ಬಳಿಕ ಒಂದು ಗೇಣು ಎತ್ತಿ, ಬೆರಳು ತೆಗೆಯಿರಿ. ಲೋಡ್ ವಾಲಿದರೆ ಇಳಿಸಿ ಮತ್ತೆ ಕಟ್ಟಿ. ತಾನಾಗಿ ಜಾರಿದರೆ ಬ್ರೇಕ್ ಹಿಡಿಯುತ್ತಿಲ್ಲ ಎಂದರ್ಥ. ಇಳಿಸಿ, ಆ ಹಾಯ್ಸ್ಟ್ ಬಳಸಬೇಡಿ.

ಸಾಗಿಸುವಾಗ ಲೋಡ್ ಕೆಳಗೆ ಯಾರೂ ಬರಕೂಡದು, ಒಂದೇ ಹೆಜ್ಜೆಯ ಮಟ್ಟಿಗೂ. ಉದ್ದನೆಯ ಸಾಮಾನಾದರೆ ಹಗ್ಗ ಕಟ್ಟಿ ದೂರದಿಂದ ಹಿಡಿಯಿರಿ. ಪೆಂಡೆಂಟ್ (ಗುಂಡಿಗಳಿರುವ ತೂಗುಪೆಟ್ಟಿಗೆ) ಕೇಬಲ್ ಜಗ್ಗಿ ಟ್ರಾಲಿ ಎಳೆಯಬೇಡಿ. ಗುಂಡಿಯನ್ನು ಪದೇ ಪದೇ ಕುಟ್ಟಿದರೆ ಮೋಟಾರ್ ಬಿಸಿಯಾಗುತ್ತದೆ. ಲೋಡ್ ತೂಗಿಬಿಟ್ಟು ಊಟಕ್ಕೆ, ಫೋನಿಗೆ ಹೋಗುವುದಂತೂ ಬೇಡವೇ ಬೇಡ.

ಇಳಿಸುವ ಜಾಗದಲ್ಲಿ ಮೊದಲೇ ಮರದ ತುಂಡುಗಳನ್ನಿಡಿ. ಲೋಡ್ ಅಲ್ಲಾಡದೆ ಕೂತಿದೆ ಎಂದು ಖಚಿತವಾದ ಮೇಲೇ ಸ್ಲಿಂಗ್ ಬಿಚ್ಚಿ. ಖಾಲಿ ಹುಕ್ಕನ್ನು ತಲೆಗೆ ತಾಗದಷ್ಟು ಎತ್ತರಕ್ಕೇರಿಸಿ, ಮೇನ್ ಸ್ವಿಚ್ ಆಫ್ ಮಾಡಿ. ದೋಷ ಕಂಡಿದ್ದರೆ ಸ್ವಿಚ್‌ಗೆ ಬೀಗ ಹಾಕಿ, ಏನು ಕೆಟ್ಟಿದೆ ಎಂದು ಬರೆದ ಚೀಟಿ ತೂಗುಹಾಕಿ. ಮುಂದಿನ ಶಿಫ್ಟ್‌ನವರಿಗೆ ಬಾಯಲ್ಲೂ ಹೇಳಿ.